ಅಮ್ಮನ ಮೂಗು, ಅಪ್ಪನ ಕಾರು

ನಮ್ಮಪ್ಪನ ಕಾರು ನನಗಿಂತ ಎರಡು ವರ್ಷ ದೊಡ್ಡದು. ಮನೆಯಲ್ಲಿ ಅದಕ್ಕಿರುವ ಮರ್ಯಾದೆಯೂ ನನಗಿಂತ ಒಂದು ಕೈ ಹೆಚ್ಚೇ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಹೋಗಿ ಅದರ ಬಾನೆಟ್ ಸವರಿ ಬರುತ್ತಾರೆ. ನನ್ನ ತಲೆ ಸವರಿದ್ದು ನನಗಂತೂ ನೆನಪಿಲ್ಲ. ನಲವತ್ತು ವರ್ಷ ಗ್ಯಾರೇಜ್ ನಡೆಸಿದ ಮನುಷ್ಯ. ಈಗ ಕೈ ನಡುಗುತ್ತದೆಂದು ಸ್ಪ್ಯಾನರನ್ನು ನನಗೆ ಒಪ್ಪಿಸಿ, ತಾವು ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ.

ಇಂಥ ಕಾರಿಗೆ ಅಮ್ಮ ಮೂವತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ.

"ಅವರ ಕಾರಲ್ಲಿ ಪೆಟ್ರೋಲ್ ವಾಸನೆ. ಹತ್ತು ನಿಮಿಷ ಕೂತ್ರೆ ತಲೆ ಸಿಡಿಯುತ್ತೆ, ಹೊಟ್ಟೆ ತೊಳಸುತ್ತೆ," ಎನ್ನುವುದು ಅಮ್ಮನ ದೂರು.

"ವಾಸನೆನಾ? ಎಲ್ಲಿದೆ? ಎಲ್ಲಾ ನಿನ್ನ ಭ್ರಮೆ," ಎನ್ನುವುದು ಅಪ್ಪನ ತೀರ್ಪು.

ನಿಜ ಹೇಳಬೇಕೆಂದರೆ ನಾನೂ ಅಪ್ಪನ ಪಕ್ಷವೇ. ಚಿಕ್ಕಂದಿನಿಂದ ಗ್ಯಾರೇಜಿನಲ್ಲೇ ಬಿದ್ದುಕೊಂಡಿದ್ದ ನನ್ನ ಮೂಗಿಗೆ ಪೆಟ್ರೋಲ್ ಎಂದರೆ ಬರೀ ಗಾಳಿ. ಅಮ್ಮ ನಾಟಕ ಮಾಡುತ್ತಾಳೆ ಅಂದುಕೊಂಡು ಸುಮ್ಮನಿದ್ದೆ. ಅವಳು ಎಲ್ಲಿಗೆ ಹೋಗುವುದಿದ್ದರೂ ಒಬ್ಬಳೇ ಬಸ್ಸು ಹತ್ತುತ್ತಿದ್ದಳು.

ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಲು ಆಗದೆ, ಮೂರು ಗಂಟೆಯ ದಾರಿಯಲ್ಲಿರುವ ದೊಡ್ಡಮ್ಮನ ಮನೆಗೆ ಹೋಗುವುದೂ ನಿಂತಿತು. ದೊಡ್ಡಮ್ಮನಿಗೆ ಎಂಬತ್ತೆರಡು. ಮೊನ್ನೆ ಫೋನಿನಲ್ಲಿ ಅವರು ಹೇಳಿದ್ದು ನನಗೂ ಕೇಳಿಸಿತು: "ಕಣ್ಣು ಮಂಜಾಗ್ತಿದೆ ಕಣೆ. ಪೂರ್ತಿ ಹೋಗೋದ್ರೊಳಗೆ ನಿನ್ನ ಮುಖ ಒಂದ್ಸಲ ನೋಡ್ಬೇಕು."

ಅಮ್ಮ ಫೋನ್ ಇಟ್ಟು ಗೋಡೆ ನೋಡುತ್ತ ಕೂತಳು.

"ಬಾಡಿಗೆ ಕಾರು ಕರೆಸ್ಲಾ ಅಮ್ಮ?"

"ಮನೇಲಿ ಇಬ್ಬರು ಮೆಕ್ಯಾನಿಕ್‌ಗಳನ್ನ ಸಾಕ್ಕೊಂಡು ಬಾಡಿಗೆ ಕಾರಲ್ಲಿ ಹೋಗ್ಲಾ? ಅಕ್ಕ ಬಿದ್ದು ಬಿದ್ದು ನಗ್ತಾಳೆ."

"ಹಾಗಾದ್ರೆ ಈ ಭಾನುವಾರ ಅಪ್ಪನ ಕಾರಲ್ಲೇ ಹೋಗೋಣ. ವಾಸನೆ ಬಂದ್ರೆ ನೀನು ಹತ್ತಬೇಡ."

ಮಾತು ಕೊಟ್ಟಾಗಿತ್ತು. ಸೋಮವಾರ ಡಿಕ್ಕಿ ತೆಗೆದು ಒಳಗಿನ ರಟ್ಟು ಕಿತ್ತೆ. ಎರಡು ರಬ್ಬರ್ ಪೈಪುಗಳು ಎಲ್ಲಿಗೂ ಸೇರದೆ ಬಾಯಿ ಬಿಟ್ಟುಕೊಂಡಿದ್ದವು. ಟ್ಯಾಂಕಿನ ಮುಚ್ಚಳದಲ್ಲಿ ಡ್ರಿಲ್ ಹಾಕಿದ ತೂತು. ಬಾನೆಟ್ಟಿನೊಳಗೆ ಒಂದು ಮೂಲೆಯಲ್ಲಿ ಖಾಲಿ ಕಬ್ಬಿಣದ ಬಳೆ. ಇದನ್ನೆಲ್ಲ ಎಷ್ಟೋ ಸಲ ನೋಡಿದ್ದೆ. ಕಾರು ಹುಟ್ಟಿದ್ದೇ ಹೀಗೆ ಅಂದುಕೊಂಡಿದ್ದೆ. ಕಪಾಟಿನಿಂದ ಹಳೆಯ ಸರ್ವಿಸ್ ಪುಸ್ತಕ ಹುಡುಕಿ ತೆಗೆದಾಗ ಚಿತ್ರ ಸಮೇತ ಎಲ್ಲವೂ ಇತ್ತು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಹೊರಗೆ ಹೋಗದೆ ಪೈಪಿನಲ್ಲಿ ಮುಂದಕ್ಕೆ ಬಂದು, ಆ ಖಾಲಿ ಬಳೆಯಲ್ಲಿ ಕೂರುವ, ಇದ್ದಿಲು ತುಂಬಿದ ಡಬ್ಬಿಯಲ್ಲಿ ತಂಗಬೇಕು. ಇಂಜಿನ್ ಓಡುವಾಗ ಅದನ್ನು ಹೀರಿಕೊಂಡು ಸುಡಬೇಕು.

"ಅಪ್ಪ, ಈ ಸಾಮಾನೆಲ್ಲ ಎಲ್ಲಿ ಹೋಯ್ತು?"

"ನಾನೇ ಕಿತ್ತು ಬಿಸಾಕ್ದೆ. ಕೆಲಸಕ್ಕೆ ಬಾರದ ಸಾಮಾನು. ಆಗ ಎಲ್ರೂ ಕೀಳ್ತಿದ್ರು."

"ಯಾವಾಗ?"

"ನೀನು ಏಳನೇ ಕ್ಲಾಸಲ್ಲಿದ್ದೆ."

"ಅಮ್ಮ ಕಾರು ಹತ್ತೋದು ಬಿಟ್ಟಿದ್ದೂ ಆಗಲೇ ಅಲ್ವಾ?"

ನೀನು ಹಿಡಿದಿರುವ ಸ್ಪ್ಯಾನರಿನ ಅಳತೆ ಸರಿಯಿಲ್ಲ ಎಂದು ಅಪ್ಪ ಬೇರೆ ಮಾತು ತೆಗೆದರು.

ತೂತಿಲ್ಲದ ಮುಚ್ಚಳ ಅಂಗಡಿಯಲ್ಲಿ ಸಿಕ್ಕಿತು. ಪೈಪುಗಳನ್ನು ಹೊಸದಾಗಿ ಹಾಕಿದೆ. ಆ ಪೈಪುಗಳು ಸೇರಬೇಕಾದ, ಡಿಕ್ಕಿಯಲ್ಲಿ ಕೂರುವ ಪುಟ್ಟ ಆವಿ ಟ್ಯಾಂಕು ಗುಜರಿಯಲ್ಲಿ ನುಗ್ಗಾಗಿ ಬಿದ್ದಿತ್ತು. ತಂದು ಬೆಸುಗೆ ಹಾಕಿ, ಬಕೆಟ್ಟಿನಲ್ಲಿ ಮುಳುಗಿಸಿ ಊದಿ, ಗುಳ್ಳೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಇದ್ದಿಲ ಡಬ್ಬಿ ಮಾತ್ರ ಏನು ಮಾಡಿದರೂ ಇಲ್ಲ. ಮೂರು ಗುಜರಿ ಜಾಲಾಡಿ ಬುಧವಾರ ಇಂಗು ತಿಂದ ಮಂಗನಂತೆ ಮನೆಗೆ ಬಂದೆ.

"ಏನು ಹುಡುಕ್ತಿದ್ದೀಯೆ ಮೂರು ದಿನದಿಂದ?" ಊಟ ಬಡಿಸುತ್ತ ಅಮ್ಮ ಕೇಳಿದಳು.

"ಕಪ್ಪು ತಗಡಿನ ಡಬ್ಬಿ. ಸಕ್ಕರೆ ಡಬ್ಬಿಯಷ್ಟಿರುತ್ತೆ. ಮೇಲೆ ಮೂರು ಮೂತಿ."

ಅಮ್ಮ ಸೌಟು ಇಟ್ಟು ಮುಂಬಾಗಿಲ ಕಡೆ ನಡೆದಳು. ಚಪ್ಪಲಿ ಬೀರುವಿನ ಕೆಳಗಿನ ಅರೆಗೆ ಕೈ ಹಾಕಿ, ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟಳು. ಮೂರು ಮೂತಿ, ಎಲ್ಲವೂ ಸರಿಯಾಗಿದ್ದವು.

ಅಪ್ಪನ ತುತ್ತು ಕೈಯಲ್ಲೇ ಉಳಿಯಿತು. "ನನ್ನ ಕಾರಿನ ಸಾಮಾನು ಚಪ್ಪಲಿ ಜೊತೆಗಾ!"

"ಕೆಲಸಕ್ಕೆ ಬಾರದ ಸಾಮಾನು ಅಂತ ಕಸದ ಬುಟ್ಟಿಗೆ ಹಾಕಿದ್ರಿ. ಅಲ್ಲಾಡಿಸಿದ್ರೆ ಇದ್ದಿಲು ಉದುರ್ತು. ಒಂದು ತಿಂಗಳು ಬಿಸಿಲಲ್ಲಿಟ್ಟು ಅಲ್ಲಿ ಇಟ್ಟೆ. ಇದ್ದಿಲು ವಾಸನೆ ಹೀರುತ್ತೆ ಅಂತ ತಿಳಿಯೋಕೆ ಮೆಕ್ಯಾನಿಕ್ ಆಗಬೇಕಾ? ನಿಮ್ಮಿಬ್ಬರ ಗ್ಯಾರೇಜ್ ಬೂಟು ಅಲ್ಲೇ ಇರೋದು. ಒಂದು ದಿನವಾದ್ರೂ ನಾತ ಬಂದಿದೆಯಾ?"

ಬಂದಿರಲಿಲ್ಲ. ಅಪ್ಪನ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಆ ಡಬ್ಬಿ ಮೂವತ್ತು ವರ್ಷ ತನ್ನ ಕೆಲಸ ಮಾಡಿಕೊಂಡೇ ಇತ್ತು. ಅಪ್ಪ ಡಬ್ಬಿ ನೋಡುತ್ತಲೇ ಊಟ ಮುಗಿಸಿದರು.

ಗುರುವಾರ ಡಬ್ಬಿಯ ತಳ ಬಿಚ್ಚಿ ಹಳೆಯ ಇದ್ದಿಲು ಸುರಿದು, ಮೀನಿನ ತೊಟ್ಟಿಗಳ ಅಂಗಡಿಯಿಂದ ತಂದ ಹೊಸ ಇದ್ದಿಲ ಕಾಳು ತುಂಬಿದೆ. ತುಕ್ಕು ಉಜ್ಜಿ ಕಪ್ಪು ಬಣ್ಣ ಹೊಡೆದೆ.

ಶುಕ್ರವಾರ ಮಧ್ಯಾಹ್ನ ಅಪ್ಪ ಮನೆಯೊಳಗೆ ಕಾಲಿಟ್ಟವರೇ ಮುಖ ಕಿವುಚಿದರು.

"ಅಬ್ಬಬ್ಬಾ! ಏನೇ ಇದು? ಇಲ್ಲೇನಾದ್ರೂ ಸತ್ತುಬಿದ್ದಿದೆಯಾ?"

ಅಮ್ಮ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ವಾಸನೆನಾ? ಎಲ್ಲಿದೆ? ಎಲ್ಲಾ ನಿಮ್ಮ ಭ್ರಮೆ."

ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ತಿರುಗಿ ಬಂದಾಗ ಅಪ್ಪ ಇನ್ನೂ ಡಬ್ಬಿಯಿಲ್ಲದ ಚಪ್ಪಲಿ ಬೀರುವಿನ ಮುಂದೆಯೇ ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಮೂವತ್ತು ವರ್ಷ..." ಎಂದರು.

ಅಂದು ಸಂಜೆ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂರದೆ ನನ್ನ ಪಕ್ಕ ಬಂದು ನಿಂತರು. "ಡಬ್ಬಿ ನಾನು ಕೂರಿಸ್ತೀನಿ. ಕಿತ್ತವನು ನಾನೇ ಅಲ್ವಾ."

ನನಗೆ ಐದು ನಿಮಿಷದ ಕೆಲಸ. ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಸ್ಕ್ರೂಡ್ರೈವರ್ ಮೂರು ಸಲ ಜಾರಿ ಬಿತ್ತು. ಮೂರು ಸಲವೂ ಎತ್ತಿ ಕೊಟ್ಟು, ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವತ್ತು ಅಪ್ಪನ ಮೇಲೆ ಬಂದಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಶನಿವಾರ ಕಿಟಕಿ ಮುಚ್ಚಿ ಕಾರನ್ನು ಇಡೀ ದಿನ ಬಿಸಿಲಲ್ಲಿ ನಿಲ್ಲಿಸಿದೆವು. ಸಂಜೆ ಬಾಗಿಲು ತೆಗೆದು ಇಬ್ಬರೂ ತಲೆ ತೂರಿಸಿ ಮೂಸಿದ್ದೇ ಮೂಸಿದ್ದು. ಏನೂ ಗೊತ್ತಾಗಲಿಲ್ಲ. ಮೊದಲೂ ಗೊತ್ತಾಗುತ್ತಿರಲಿಲ್ಲವಲ್ಲ! ಮನೆಯಲ್ಲಿ ಪೆಟ್ರೋಲ್ ವಾಸನೆ ಹಿಡಿಯಬಲ್ಲ ಮೂಗು ಒಂದೇ, ಅದು ಭಾನುವಾರ ಬೆಳಿಗ್ಗೆ ತೀರ್ಪು ಕೊಡಬೇಕಿತ್ತು.

ಅಮ್ಮ ಕೈಚೀಲದ ಜೊತೆ, ವಾಂತಿ ಬಂದರೆ ಇರಲಿ ಎಂದು ಒಂದು ಪ್ಲಾಸ್ಟಿಕ್ ಕವರನ್ನೂ ಹಿಡಿದುಕೊಂಡು ಬಂದಳು. ಹಿಂದಿನ ಬಾಗಿಲು ತೆಗೆದು ಬಗ್ಗಿ ದೀರ್ಘವಾಗಿ ಉಸಿರೆಳೆದಳು. ಅಪ್ಪ ಉಸಿರು ಬಿಗಿಹಿಡಿದು ನಿಂತಿದ್ದರು. ಅಮ್ಮ ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು ಕೂತಳು.

"ನಡಿ," ಅಂದಳು ನನಗೆ.

ಊರು ದಾಟಿದ ಮೇಲೆ, ಮುಂದೆ ನನ್ನ ಪಕ್ಕ ಕೂತಿದ್ದ ಅಪ್ಪ ಇಡೀ ಮೈ ತಿರುಗಿಸಿದರು. "ವಾಸನೆ ಇದೆಯೇನೇ?"

ಮೂವತ್ತು ವರ್ಷ ಇಲ್ಲ ಇಲ್ಲ ಎಂದು ಹೇಳುತ್ತಲೇ ಬಂದವರು, ಇದೆಯಾ ಎಂದು ಕೇಳಿದ್ದು ಅದೇ ಮೊದಲು. ಅಮ್ಮ ಮುಂದಕ್ಕೆ ಬಾಗಿ ಇನ್ನೊಮ್ಮೆ ಮೂಸಿದಳು.

"ಇಲ್ಲ ರೀ," ಎಂದು ಪ್ಲಾಸ್ಟಿಕ್ ಕವರನ್ನು ಮಡಚಿ ಚೀಲದೊಳಗಿಟ್ಟಳು.

ಹತ್ತು ನಿಮಿಷ ಬಿಟ್ಟು ಅಪ್ಪ ಮತ್ತೆ ಕೇಳಿದರು. ಮೂರನೇ ಸಲ ಕೇಳಿದಾಗ ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅಮ್ಮ ನಿದ್ದೆ ಹೋಗಿದ್ದಳು.

ದೊಡ್ಡಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ನೋಡಿದರು, ನೋಡುತ್ತಲೇ ಇದ್ದರು.

"ಈ ಕಾಲಲ್ಲಿ ಹೇಗೆ ಬಂದ್ಯೆ? ಬಸ್ಸಲ್ಲಾ?"

"ಇಲ್ಲ ಕಣೇ ಅಕ್ಕ. ನಮ್ಮ ಕಾರಲ್ಲಿ."

ಬಾನೆಟ್ ಸವರುತ್ತಿದ್ದ ಅಪ್ಪ ಕೈ ನಿಲ್ಲಿಸಿ, ನಮ್ಮ ಯಾರ ಕಡೆಗೂ ತಿರುಗದೆ ಅಲ್ಲೇ ನಿಂತುಬಿಟ್ಟರು.