ಬಚ್ಚಲ ಬಾಗಿಲಿನ ಚಿಲಕ

ಸ್ಕ್ರೂ ಸುಮ್ಮನೆ ಗರಗರ ತಿರುಗುತ್ತಿದೆ, ಹಿಡಿಯುತ್ತಿಲ್ಲ, ಹಳೆಯ ತೂತು ಸಡಿಲವಾಗಿದೆ, ಆರು ವರ್ಷದಿಂದ ಹಲ್ಲುಜ್ಜುವಾಗಲೆಲ್ಲ ನನ್ನನ್ನೇ ನೋಡುತ್ತಿದ್ದ ನಾಲ್ಕು ತೂತು — ಹದಿನಾರನೇ ವಯಸ್ಸಿಗೆ ಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನ ಬಚ್ಚಲ ಬಾಗಿಲಿಗೆ ಚಿಲಕವೇ ಇರಲಿಲ್ಲ, ಅಮ್ಮ ಬಿಚ್ಚಿಟ್ಟಿದ್ದಳು, ಒಳಗೆ ಕೂತು ಅಮಲಿನ ಪುಡಿ ಸುಟ್ಟು ಹೊಗೆ ಎಳೆಯುತ್ತಿದ್ದವಳಿಗೆ ಚಿಲಕ ಬೇರೆ ಕೇಡು, ನ್ಯಾಯವೇ, ಆದರೂ ಸ್ನಾನಕ್ಕೆ ನಿಂತರೆ ಬಾಗಿಲ ಕೆಳಗಿನ ಸಂದಿಯಲ್ಲಿ ಅಮ್ಮನ ಹತ್ತು ಕಾಲ್ಬೆರಳು, ನನ್ನ ಕಡೆಗೇ ತಿರುಗಿ, ನೀರಿನ ಸದ್ದು ನಿಂತರೆ ಸಾಕು, ಏನೇ ಮಾಡ್ತಿದೀಯ, ಸೋಪು ಹಚ್ಕೋತಿದೀನಮ್ಮ, ಸೋಪಿಗೆ ಇಷ್ಟೊತ್ತಾ — ಈಗ ನಗು ಬರುತ್ತದೆ, ಆಗ ಬಾಗಿಲಿಗೆ ಒದೆಯಬೇಕೆನ್ನಿಸುತ್ತಿತ್ತು, ಇವತ್ತು ಬೆಳಿಗ್ಗೆ ಅದೇ ಅಮ್ಮ ಬಟ್ಟೆಯ ಗಂಟು ಬಿಚ್ಚಿ ಅದೇ ಚಿಲಕವನ್ನು ಕೈಗಿಟ್ಟಳು, ಊರೋರ ಬಾಗಿಲೆಲ್ಲ ಕೂರಿಸ್ತೀಯಲ್ಲ, ಇದನ್ನೂ ಕೂರ್ಸು. ತೂತು ಸಡಿಲವಾದರೇನಂತೆ, ನಾಲ್ಕು ವರ್ಷ ಮರಗೆಲಸದಲ್ಲಿ ಪಳಗಿದ ಕೈ ಇದು, ಮೇಸ್ತ್ರಿ ಕಲಿಸಿದ್ದಾರೆ, ತೂತಿಗೆ ಅಂಟು ಬಿಟ್ಟು ಕಡ್ಡಿ ತುರುಕು ಮಗಳೇ, ಸ್ಕ್ರೂ ಅಲ್ಲಾಡಿದ್ರೆ ಕೇಳು — ಅದೇ ಗುಂಗಿನಲ್ಲಿ ಕೂಗಿಬಿಟ್ಟೆ, ಅಮ್ಮಾ, ಬೆಂಕಿಪೊಟ್ಟಣ ಕೊಡು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಥೂ ನನ್ನ ಬಾಯಿಗಿಷ್ಟು, ಅಳತೆ ನೋಡಲೆಂದು ಬಾಗಿಲು ಮುಚ್ಚಿಕೊಂಡು, ಬಚ್ಚಲಲ್ಲಿ ನಿಂತು, ಬೆಂಕಿಪೊಟ್ಟಣ ಕೇಳಿದೆನಲ್ಲ, ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ, ಈಗ ಚಿಲಕ ವಾಪಸ್ ಕೇಳುತ್ತಾಳೆ, ಯಾಕೆ ಬೇಕೆಂದು ಕೂಗಿ ಹೇಳಲೇ, ಬೇಡ, ಪ್ರತಿಯೊಂದಕ್ಕೂ ಸಬೂಬು ಹೇಳುತ್ತಿದ್ದ ಕಾಲ ಮುಗಿಯಿತು, ಕೇಳಿದರೆ ಹೇಳುತ್ತೇನೆ — ಬಂದವು, ಸಂದಿಯಲ್ಲಿ ಹತ್ತು ಬೆರಳು, ಬಾಗಿಲು ಅಂಗೈಯಗಲ ತೆರೆಯಿತು, ಒದ್ದೆ ಕೈ, ಕೈಯಲ್ಲಿ ಪೊಟ್ಟಣ, ತಗೋ, ಪೂರ್ತಿ ಇದೆ. ಯಾಕೆ ಎನ್ನಲಿಲ್ಲ. ಅಮ್ಮ ಯಾಕೆ ಎನ್ನಲಿಲ್ಲ! ಕಡ್ಡಿಗಳ ತಲೆ ಮುರಿದೆ, ಅಂಟು ಬಿಟ್ಟೆ, ತುರುಕಿದೆ, ಒಣಗುವವರೆಗೆ ಕಾದೆ, ಕಾಯುವುದು ಈಗ ನನಗೆ ಚೆನ್ನಾಗಿ ಬರುತ್ತದೆ, ಬೆರಳುಗಳೂ ಅಲ್ಲೇ ಕಾದವು, ಸ್ಕ್ರೂ ಕಚ್ಚಿಕೊಂಡಿತು, ಒಂದು, ಎರಡು, ನಾಲ್ಕೂ, ಬಾಗಿಲು ಮುಚ್ಚಿ ಚಿಲಕ ಎಳೆದೆ, ಠಕ್ — ಕೂತ್ಕೊಂಡ್ತಾ, ಕೂತ್ಕೊಂಡ್ತಮ್ಮ, ಸರಿ ಹಾಗಾದ್ರೆ — ಬೆರಳುಗಳು ತಿರುಗಿದವು, ಆರು ವರ್ಷದಲ್ಲಿ ನಾನು ಇದನ್ನು ನೋಡಿಯೇ ಇರಲಿಲ್ಲ, ಸಂದಿಯಲ್ಲಿ ಹಿಮ್ಮಡಿ, ಒಡೆದ ಹಿಮ್ಮಡಿ, ಹೊರಟುಹೋಗುತ್ತಿರುವ ಅಮ್ಮನ ಎರಡು ಹಿಮ್ಮಡಿ