ಮೇಸ್ತ್ರಿ ಮಗಳ ಕೈ

ಈ ಕಥೆಯನ್ನು ಆ ಕಾರ್ಖಾನೆಯೊಳಗೆ ದುಡಿದವರೇ ಹೇಳಬೇಕಿತ್ತು. ಹೇಳದೆ ಬಿಡೋಣವೆಂದರೆ ಮನಸ್ಸು ಒಪ್ಪುವುದಿಲ್ಲ, ಹೇಳಲು ಹೊರಟರೆ ಯಾರಿಗೆ ಅನ್ಯಾಯವಾಗುತ್ತದೋ ಎಂಬ ಅಳುಕು. ಎಲ್ಲಾದರೂ ಹೆಚ್ಚುಕಡಿಮೆಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಅದು ಹಳೆಯ ಕಬ್ಬಿಣದ ಡ್ರಮ್ಮುಗಳನ್ನು ಹೊಸದು ಮಾಡುವ ಕಾರ್ಖಾನೆ. ಬಣ್ಣ, ಥಿನ್ನರ್, ಎಣ್ಣೆ ಹೊತ್ತು ತಿರುಗಿ ಖಾಲಿಯಾದ ಡ್ರಮ್ಮುಗಳು ಜಜ್ಜಿಹೋದ ಮೈಯಲ್ಲಿ ಲಾರಿಯಿಂದ ಉರುಳುತ್ತಿದ್ದವು. ಅವನ್ನು ಕಾಸ್ಟಿಕ್ ಸೋಡಾದ ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿ, ಡೊಂಕು ಬಡಿದು, ಗ್ಯಾಸ್ ಕಟ್ಟರ್‌ನಿಂದ ತಲೆ ಕತ್ತರಿಸಿ, ಬಣ್ಣ ಹೊಡೆದು ಕಳಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಬಡಿತವೋ ಬಡಿತ. ಮಾತಾಡಬೇಕೆಂದರೆ ಕೂಗಬೇಕು. ಕೂಗಿದ್ದೂ ಕೇಳದಿದ್ದರೆ ಮೇಸ್ತ್ರಿಯ ಕೈ ಮಾತಾಡುತ್ತಿತ್ತು.

ತೊಳೆಯದ ಡ್ರಮ್ಮೊಂದು ಕಣ್ತಪ್ಪಿ ಕಟ್ಟರ್ ಸಾಲಿಗೆ ಸೇರಿದರೆ ಒಳಗಿನ ಆವಿಗೆ ಬೆಂಕಿ ತಗಲಿ ಸಿಡಿಯುತ್ತದೆ. ಅದಕ್ಕೇ ಅಲ್ಲೊಂದು ಪದ್ಧತಿ ಬೆಳೆದಿತ್ತು. ತನ್ನಿಂದ ಅಂಥ ತಪ್ಪಾಯಿತೆಂದು ಹೊಳೆದವರು ತಕ್ಷಣ "ನಂದು" ಎಂದು ಕೂಗಬೇಕು. ಸುತ್ತಿಗೆಗಳು ನಿಲ್ಲುತ್ತಿದ್ದವು. ಆ ಡ್ರಮ್ಮನ್ನು ಹುಡುಕಿ ತೆಗೆಯುತ್ತಿದ್ದರು. ಕೂಗಿದವರು ಮೇಸ್ತ್ರಿಯ ಮುಂದೆ ನಿಂತು ಕೆನ್ನೆ ಒಡ್ಡುತ್ತಿದ್ದರು. ಒಂದು ಏಟು, ಅಲ್ಲಿಗೆ ಮುಗಿಯಿತು. ಯಜಮಾನರ ಕಿವಿಗೂ ಹೋಗುತ್ತಿರಲಿಲ್ಲ, ಮರುದಿನ ಯಾರೂ ಎತ್ತಿ ಆಡುತ್ತಿರಲಿಲ್ಲ. ಹಾಗೆಂದು ಆ ಏಟು ಚಿಕ್ಕದಲ್ಲ. ಒಬ್ಬನ ದವಡೆ ಹಲ್ಲು ಉದುರಿತ್ತು. ಇನ್ನೊಬ್ಬ ಬಿದ್ದಲ್ಲೇ ವಾಂತಿ ಮಾಡಿಕೊಂಡಿದ್ದ.

ಮೇಸ್ತ್ರಿಯ ಮಗಳಿಗೆ ಎಡಗಿವಿ ಕೇಳುತ್ತಿರಲಿಲ್ಲ. ಅದು ಕಾರ್ಖಾನೆಯ ಸದ್ದಿಗೆ ಹೋದದ್ದಲ್ಲ. ಚಿಕ್ಕಂದಿನಲ್ಲಿ ಹಾಲಿನ ಪಾತ್ರೆ ಬೀಳಿಸಿದ್ದಕ್ಕೆ ಅಪ್ಪ ಕೊಟ್ಟ ಏಟಿಗೆ ಹೋದದ್ದು. ಆಮೇಲೆ ಅದೇ ಕೈಯಿಂದ ಅಪ್ಪ ಅವಳ ಕಿವಿಗೆ ಬಿಸಿ ಬಟ್ಟೆ ಒತ್ತುತ್ತ ಕೂತಿದ್ದ. ಯಾವುದನ್ನು ಮರೆಯಬೇಕು, ಯಾವುದನ್ನು ನೆನಪಿಟ್ಟುಕೊಳ್ಳಬೇಕು ಎಂಬುದು ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ.

ಹಗಲು ಅವಳು ಬಣ್ಣದ ವಿಭಾಗದಲ್ಲಿ ಕೆಲಸ ಮಾಡಿ, ಸಂಜೆ ಮ್ಯಾನೇಜ್‌ಮೆಂಟ್ ಕ್ಲಾಸಿಗೆ ಹೋಗುತ್ತಿದ್ದಳು. ಉಗುರಿನ ಸಂದಿಯ ನೀಲಿ ಬಣ್ಣ ಕಾಣದಿರಲೆಂದು ಬೆರಳು ಮಡಚಿ ಕೂರುತ್ತಿದ್ದಳು. ಒಮ್ಮೆ ಮೇಷ್ಟ್ರು, ಐದು ವರ್ಷದಲ್ಲಿ ನೀವು ಏನಾಗಬೇಕು, ಅದಕ್ಕೆ ನಿಮ್ಮಲ್ಲಿರುವ ಕೊರತೆ ಏನು, ಬರೆಯಿರಿ ಎಂದರು. ಮೊದಲನೆಯದಕ್ಕೆ ಅವಳು "ಮ್ಯಾನೇಜರ್" ಎಂದು ಬರೆದಳು. ಎರಡನೆಯದಕ್ಕೆ ಬಹಳ ಹೊತ್ತು ಯೋಚಿಸಿ, "ಅಪ್ಪನ ಕೈ ನನಗೂ ಬಂದಿದೆ" ಎಂದು ಬರೆದಳು. ತಮ್ಮನಿಗೆ ಒಮ್ಮೆ ಹೊಡೆದು ಅವನ ಮೂಗಿನಿಂದ ರಕ್ತ ಬರಿಸಿದ್ದು ಅವಳ ಕಣ್ಣ ಮುಂದಿತ್ತು.

"ಇಲ್ಲಿ ಕೌಶಲ ಬರೀಬೇಕಮ್ಮ, ಮನೆ ವಿಷಯ ಅಲ್ಲ," ಎಂದರು ಮೇಷ್ಟ್ರು. ಅವಳು ಅದನ್ನು ಹೊಡೆದುಹಾಕಿ "ಕೋಪ ನಿರ್ವಹಣೆ" ಎಂದು ತಿದ್ದಿದಳು.

ಮಳೆಗಾಲದ ಮೊದಲಿಗೆ ಯಜಮಾನರು ಅವಳನ್ನು ಆಫೀಸಿನ ಗಾಜಿನ ರೂಮಿಗೆ ಕರೆಸಿದರು. "ನಿಮ್ಮಪ್ಪನಿಗೆ ವಯಸ್ಸಾಯ್ತು. ಮಳೆಗಾಲ ಮುಗಿಯೋವರೆಗೆ ನೀನು ನೋಡ್ಕೊ. ಸರಿಹೋದ್ರೆ ಈ ಮ್ಯಾನೇಜರ್ ಕುರ್ಚಿ ನಿಂಗೆ. ಆದ್ರೆ ಒಂದು ಮಾತು. ಕೆಲಸ ನಿಂತ್ರೆ ಯಾರಿಂದ ನಿಂತಿತು ಅಂತ ಅವತ್ತೇ ನಂಗೆ ಗೊತ್ತಾಗ್ಬೇಕು."

ಅವಳು ಒಪ್ಪಿಕೊಂಡಳು. ಮರುದಿನ ಬೆಳಿಗ್ಗೆ ಎಲ್ಲರನ್ನೂ ಸೇರಿಸಿ, "ಇನ್ಮೇಲೆ ಇಲ್ಲಿ ಯಾರೂ ಯಾರ ಮೇಲೂ ಕೈ ಮಾಡೋ ಹಾಗಿಲ್ಲ. ತಪ್ಪಾದ್ರೆ ರೂಮಿಗೆ ಬನ್ನಿ, ಕೂತು ಮಾತಾಡೋಣ," ಎಂದಳು.

"ಕುರ್ಚಿ ಕೊಡ್ತೀಯೋ, ಡ್ರಮ್ ಮೇಲೇ ಕೂರ್ಬೇಕೋ?" ಎಂದಳು ತೊಳೆಯುವ ತೊಟ್ಟಿಯ ದೊಡ್ಡಕ್ಕ. ಎಲ್ಲರೂ ನಕ್ಕರು. ನಗದವನು ಅಪ್ಪ ಒಬ್ಬನೇ. "ಮ್ಯಾನೇಜರ್ ಹೇಳಿದ್ಮೇಲೆ ಮುಗೀತು," ಎಂದು ಎರಡೂ ಕೈ ಜೇಬಿಗೆ ಹಾಕಿಕೊಂಡು ಹೋದ.

ಕೆಲವೇ ದಿನಗಳಲ್ಲಿ ಮೊಳೆ "ನಂದು" ಎಂದು ಕೂಗಿದ. ಮೊಳೆಯಷ್ಟೇ ತೆಳ್ಳಗಿದ್ದುದರಿಂದ ಅವನಿಗೆ ಆ ಹೆಸರು. ಡ್ರಮ್ ಸಿಕ್ಕಿತು, ಅಪಾಯ ತಪ್ಪಿತು. ಅವನು ಗಾಜಿನ ರೂಮಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಯಾಕೆ ಹೀಗಾಯ್ತು ಅಂತ ನಿಮಗನ್ಸುತ್ತೆ?" ಎಂದಳು ಅವಳು. ಕ್ಲಾಸಿನಲ್ಲಿ ಕಲಿತ ಮೊದಲ ಪ್ರಶ್ನೆ ಅದು.

"ಬಹುವಚನ ಬೇಡ ತಾಯಿ, ಹೆದ್ರಿಕೆ ಆಗುತ್ತೆ. ಒಂದು ಕೊಟ್ಟು ಕಳ್ಸು."

"ಹೊಡ್ಯೋದಿಲ್ಲ."

"ಕೈ ಮುಗೀತೀನಿ. ಹೊಡ್ದು ಬಿಟ್ಬಿಡು. ಯಜಮಾನ್ರಿಗೆ ಹೇಳ್ಬೇಡ."

ಅವಳು ಹೇಳಿದಳು. ಹೇಳುವುದಾಗಿ ಮಾತು ಕೊಟ್ಟಿದ್ದಳಲ್ಲ. ಯಜಮಾನರು ಮೊಳೆಯನ್ನು ಆ ವಾರ ಕೂಲಿಯಿಲ್ಲದೆ ಮನೆಯಲ್ಲಿ ಕೂರಿಸಿದರು. ಅವನು ಹಿಂತಿರುಗಿದಾಗ ಇನ್ನಷ್ಟು ತೆಳ್ಳಗಾಗಿದ್ದ.

ಅಂದಿನಿಂದ "ನಂದು" ಎಂಬ ಕೂಗು ನಿಂತುಹೋಯಿತು. ಕೆಲಸ ಒಮ್ಮೆಯೂ ನಿಲ್ಲಲಿಲ್ಲ. ಅವಳು ಕ್ಲಾಸಿನಲ್ಲಿ ಎದ್ದು ನಿಂತು ಇದನ್ನು ಹೇಳಿದಾಗ ಮೇಷ್ಟ್ರು, "ನೋಡಿ, ಬದಲಾವಣೆ ಅಂದ್ರೆ ಇದು," ಎಂದು ಬೆನ್ನು ತಟ್ಟಿದರು. ಅವಳಿಗೆ ಕಣ್ಣು ತುಂಬಿ ಬಂತು.

ಕಟ್ಟರ್ ಹಿಡಿಯುತ್ತಿದ್ದವನು ಅವಳ ಚಿಕ್ಕಪ್ಪ, ಮೇಸ್ತ್ರಿಯ ಒಡಹುಟ್ಟಿದ ತಮ್ಮ. ಒಂದು ದಿನ ಕನ್ನಡಕ ಹಣೆಗೇರಿಸಿಕೊಂಡು, "ಮಗಳೇ, ಯಾರೂ ಕೂಗ್ತಿಲ್ಲ. ನಂಗೆ ಉರಿ ಹಚ್ಚೋಕೆ ಧೈರ್ಯ ಸಾಲ್ತಿಲ್ಲ," ಎಂದ.

"ತಪ್ಪು ಕಡಿಮೆಯಾಗಿದೆ ಚಿಕ್ಕಪ್ಪ."

"ಆಗಿರ್ಬೋದು. ನೀನು ಓದಿದವಳು." ಆಮೇಲೆ ಅವನು ಪ್ರತಿ ಡ್ರಮ್ಮಿನ ಬಾಯಿಗೂ ಮೂಗಿಟ್ಟು ಮೂಸಿ ನೋಡಿಯೇ ಉರಿ ಹಚ್ಚತೊಡಗಿದ. ಇದನ್ನೂ ಅವಳು ಗಾಜಿನಾಚೆಯಿಂದ ನೋಡಿದಳು. ಚಿಕ್ಕಪ್ಪ ಬರಬರುತ್ತ ಪುಕ್ಕಲನಾಗುತ್ತಿದ್ದಾನೆ ಎಂದುಕೊಂಡಳು.

ಅವನಿಗೆ ನೆಗಡಿಯಾಗಿದ್ದ ದಿನ ಡ್ರಮ್ ಸಿಡಿಯಿತು.

ಸದ್ದು ಅವಳಿಗೆ ಬಲಗಿವಿಯಲ್ಲಿ ಮಾತ್ರ ಕೇಳಿಸಿತು. ಗಾಜು ಅವಳ ಮೈಮೇಲೆ ಸುರಿಯಿತು. ಹೊರಗೆ ಓಡಿ ಬಂದಾಗ ಡ್ರಮ್ಮಿನ ತಲೆ ಮಾಡಿನ ತಗಡನ್ನು ಸೀಳಿಕೊಂಡು ಅಲ್ಲೇ ಸಿಕ್ಕಿಕೊಂಡಿತ್ತು. ಮೇಲೆ ಹೋಗುವ ಮೊದಲು ಅದು ಚಿಕ್ಕಪ್ಪನ ಮುಖದ ಮೇಲಿಂದ ಹಾದುಹೋಗಿತ್ತು. ದವಡೆ ಒಂದು ಕಡೆಗೆ ಜೋತು ಬಿದ್ದಿತ್ತು. ಒಂದು ಕಣ್ಣಿನ ಜಾಗದಲ್ಲಿ ಕಣ್ಣಿರಲಿಲ್ಲ. ಅಂಗಿ ಉರಿಯುತ್ತಿತ್ತು. ಅವಳು ಒದ್ದೆ ಗೋಣಿ ಎಳೆದು ಅವನ ಮೇಲೆ ಬಿದ್ದು ಹೊರಳಿದಳು. ಸುಟ್ಟ ಮಾಂಸದ ವಾಸನೆ ಗಂಟಲಿಗೆ ಇಳಿಯಿತು. ಅಪ್ಪ ಗ್ಯಾಸಿನ ವಾಲ್ವ್ ತಿರುಗಿಸಿ ಬಂದು, ತಮ್ಮನ ದವಡೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದುಕೊಂಡ. ಲಾರಿಯವರು ಅವನನ್ನು ಹೊತ್ತೊಯ್ಯುವವರೆಗೆ ಆ ಕೈ ಸಡಿಲವಾಗಲಿಲ್ಲ.

ಲಾರಿ ಹೋಯಿತು. ಸುತ್ತಿಗೆಗಳು ನೆಲದಲ್ಲಿದ್ದವು. ಉಳಿದವರೆಲ್ಲ ತೊಟ್ಟಿಯ ಪಕ್ಕ ಸಾಲಾಗಿ ನಿಂತಿದ್ದರು.

"ಯಾರದು?" ಎಂದಳು ಅವಳು.

ಅವಳು ಸಾಲಿನ ಮುಂದೆ ಬಂದು ನಿಂತಳು.

"ಯಾರದು ಅಂತ ಕೇಳ್ದೆ."

ಸಾಲಿನ ಮೊದಲಿಗೆ ನಿಂತಿದ್ದವನು ಮೊಳೆ. "ನಂಗೊತ್ತಿಲ್ಲ ತಾಯಿ," ಎಂದ. ಅವನ ಮಾತು ಮುಗಿಯುವ ಮೊದಲೇ ಅವಳ ಕೈ ಅವನ ಕೆನ್ನೆಯ ಮೇಲಿತ್ತು. ಅವನು ಗಿರ್ರನೆ ತಿರುಗಿ ಡ್ರಮ್ಮಿಗೆ ತಲೆ ತಾಗಿಸಿಕೊಂಡು ಕುಸಿದ. ಮುಂದಿನವನಿಗೂ ಬಿತ್ತು, ತುಟಿ ಒಡೆಯಿತು. ಅವಳ ಅಂಗೈಯಲ್ಲಿ ಚುಚ್ಚಿಕೊಂಡಿದ್ದ ಗಾಜಿನ ಚೂರು ಪ್ರತಿ ಏಟಿಗೂ ಇನ್ನಷ್ಟು ಒಳಗಿಳಿಯುತ್ತಿತ್ತು. ಹೊಡೆಸಿಕೊಂಡವರ ಮುಖದ ಮೇಲೆ ಹತ್ತಿದ ರಕ್ತದಲ್ಲಿ ಯಾವುದು ಅವರದು, ಯಾವುದು ಅವಳದು ತಿಳಿಯುತ್ತಿರಲಿಲ್ಲ.

ದೊಡ್ಡಕ್ಕ ಹಿಂದೆ ಸರಿಯಲಿಲ್ಲ. "ಎತ್ತಿ ಆಡ್ಸಿದೀನಿ ಕಣೇ ನಿನ್ನ," ಎಂದಳು.

"ತೊಟ್ಟಿ ನಿಮ್ಮದು. ತೊಳೀದೆ ಕಳ್ಸಿದ್ಯಾರು?"

"ಗೊತ್ತಿದ್ರೆ ಹೇಳ್ತಿದ್ನೇನೋ. ಇಲ್ಲ, ಹೇಳ್ತಿರ್ಲಿಲ್ಲ. ಮೊಳೆಗೆ ಏನಾಯ್ತು ನೋಡಿದ್ವಲ್ಲ."

ದೊಡ್ಡಕ್ಕನಿಗೂ ಹೊಡೆದಳು. ಎರಡು ಸಲ ಹೊಡೆದಳು. ಹೊಡೆಯುವಾಗ ಕೈಗೆ ಹಿತವಾಗುತ್ತಿತ್ತು. ಆಮೇಲೆ ಅವಳಿಗೆ ಸಹಿಸಲಾಗದೇ ಹೋದದ್ದು ಅದೊಂದೇ.

ಸಾಲಿನ ಕೊನೆಯಲ್ಲಿ ಅಪ್ಪ ನಿಂತಿದ್ದ. ತಮ್ಮನ ರಕ್ತ ಮೊಣಕೈವರೆಗೆ ಒಣಗಿತ್ತು.

"ನಂದು," ಎಂದ. ಕೂಗಲಿಲ್ಲ, ಸುಮ್ಮನೆ ಅಂದ. ಎಡಗೆನ್ನೆ ಒಡ್ಡಿದ.

"ಸುಳ್ಳು."

"ನಂದು ಅಂದ್ನಲ್ಲ. ಹೊಡಿ. ಕೆಲಸ ಶುರುವಾಗ್ಲಿ."

"ಸುಳ್ಳು ಹೇಳ್ತಿದೀಯ ಅಪ್ಪ. ನೀನು ತೊಳೆಯೋ ಕಡೆಗೇ ಹೋಗಿರ್ಲಿಲ್ಲ."

"ನೀನು ನೋಡ್ತಾ ಇದ್ಯಾ?"

ಅವಳು ನೋಡಿರಲಿಲ್ಲ. ಬೆಳಿಗ್ಗೆಯಿಂದ ಗಾಜಿನ ರೂಮಿನಲ್ಲಿ ಕೂತು, ಕುರ್ಚಿ ಸಿಕ್ಕ ಮೇಲಿನ ತನ್ನ ಯೋಜನೆಯನ್ನು ಕ್ಲಾಸಿಗೆಂದು ತಿದ್ದಿ ತಿದ್ದಿ ಬರೆಯುತ್ತಿದ್ದಳು. ಈಗ ಕೈ ಮೇಲಕ್ಕೆದ್ದಿತ್ತು. ಅದನ್ನು ಇಳಿಸಬಹುದಿತ್ತು. ಅಪ್ಪನಂತಾಗಬಾರದೆಂಬ ಅವಳ ಆಸೆಯೆಲ್ಲ ನಿಂತದ್ದು ಆ ಒಂದು ಕೈ ಇಳಿಯುವುದರ ಮೇಲೆ ಎಂಬುದೂ ಅವಳಿಗೆ ತಿಳಿದಿತ್ತು. ಅಪ್ಪ ಕಣ್ಣು ಮುಚ್ಚಿದ. ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದಳು. ಅವನ ಟೋಪಿ ಹಾರಿ ಕಾಸ್ಟಿಕ್ ತೊಟ್ಟಿಗೆ ಬಿತ್ತು. ಅವನು ಮಂಡಿಯೂರಿ, ಕಿವಿ ಹಿಡಿದುಕೊಂಡು, ನಿಧಾನಕ್ಕೆ ಎದ್ದ.

"ಮುಗೀತು," ಎಂದ ಎಲ್ಲರ ಕಡೆ ತಿರುಗಿ. "ಹೋಗಿ, ಕೆಲ್ಸ ನೋಡಿ."

ಮೊಳೆ ಎದ್ದು ಸುತ್ತಿಗೆ ಎತ್ತಿಕೊಂಡ. ಒಂದು ಬಡಿತ, ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿನಲ್ಲೇ ಕಾರ್ಖಾನೆಯ ಸದ್ದು ಎಂದಿನಂತಾಯಿತು.

ಯಜಮಾನರು ಗೇಟಿನ ಬಳಿ ಕಾರಿಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವಳನ್ನು ಕರೆದು, "ಡ್ರಮ್ ಯಾರದಂತೆ?" ಎಂದರು.

"ನಂದು ಸರ್," ಎಂದಳು. ಅದು ನಿಜವೆಂದೇ ಅವಳಿಗೆ ಅನ್ನಿಸಿತ್ತು.

ಯಜಮಾನರು ತಲೆದೂಗಿದರು. "ಜವಾಬ್ದಾರಿ ಅಂದ್ರೆ ಇದು. ನಂಗೊಂದೇ ಅನುಮಾನ ಇತ್ತು, ಹೆಣ್ಮಗಳು, ಇವ್ರನ್ನ ಹತೋಟೀಲಿ ಇಡ್ತಾಳೋ ಇಲ್ವೋ ಅಂತ. ಇವತ್ತು ಕಣ್ಣಾರೆ ನೋಡಿದ್ನಲ್ಲ. ಮಳೆಗಾಲ ಮುಗಿಯೋದು ಬೇಡ. ನಾಳೆಯಿಂದ ಕುರ್ಚಿ ನಿಂದು."

ಅವಳು ಬೇಡವೆನ್ನಲಿಲ್ಲ. ಆ ಕುರ್ಚಿಯಲ್ಲಿ ಈಗಲೂ ಅವಳೇ ಇದ್ದಾಳೆ. ತಪ್ಪು ಮಾಡಿದವರ ಹೆಸರನ್ನು ಯಜಮಾನರಿಗೆ ಹೇಳುವುದನ್ನು ಅವತ್ತೇ ಬಿಟ್ಟಳು. ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೇ ಮಾತಾಡುತ್ತಾಳೆ. ಕ್ಲಾಸಿಗೆ ಮತ್ತೆ ಹೋಗಲಿಲ್ಲ. ಚಿಕ್ಕಪ್ಪ ಬದುಕಿದ. ಅವನ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಅಪ್ಪ ಅಂದು ಮನೆಗೆ ಹೋದವನು ಕಾರ್ಖಾನೆಯ ಕಡೆ ತಲೆ ಹಾಕಿಲ್ಲ. ಊಟಕ್ಕೆ ಕೂತಾಗ ಅವಳು ಮಾತಾಡಿಸಿದರೆ ಎಡಗಿವಿಗೆ ಕೈ ಅಡ್ಡ ಹಿಡಿದು, "ಏನಂದೆ?" ಎನ್ನುತ್ತಾನೆ. "ಆ ಡ್ರಮ್ ನಿಜಕ್ಕೂ ನಿಂದೇನಪ್ಪಾ?" ಎಂದು ಅವಳು ಕೇಳಿದಾಗಲೂ ಹಾಗೇ ಅಂದ. ಕೇಳಿಸಲಿಲ್ಲವೋ, ಕೇಳಿಸಿಯೂ ಹಾಗೆಂದನೋ.

ಡ್ರಮ್ ಯಾರದು ಎಂಬುದು ಗೊತ್ತಾಗಲಿಲ್ಲ. ಆಮೇಲೆ ಅಲ್ಲಿ ಯಾರಾದರೂ "ನಂದು" ಎಂದು ಕೂಗಿದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ.