ನೊರೆ ಒರೆಸಿದ ಚೀಟಿ

ಕಟಿಂಗ್ ಶಾಪಿನ ಅಣ್ಣನ ಬಾಯಿ ಅವನ ಕತ್ತರಿಗಿಂತ ಹರಿತ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತ ಗಿರಾಕಿ ಎಲ್ಲಿಗೆ ಓಡಿಹೋದಾನು? ಕತೆ ಕೇಳಲೇಬೇಕು. ಆ ಕತೆಗಳಲ್ಲೆಲ್ಲ ಹೆಚ್ಚು ಓಡಿದ್ದು ತಮ್ಮನ ಕತೆ. ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಅರ್ಧ ಗಂಟೆಯಲ್ಲಿ ಏಳಬೇಕಾದವನು ಐದು ಗಂಟೆ ಮಿಸುಕಲಿಲ್ಲ. ಉಸಿರಾಡುವ ಕೆಲಸವನ್ನೂ ಮಷೀನಿಗೆ ವಹಿಸಿ ಮಲಗಿಬಿಟ್ಟ, ಅಷ್ಟು ಮೈಗಳ್ಳ, ಎಂದು ಅಣ್ಣ ಕೈ ಆಡಿಸುತ್ತ ಹೇಳುತ್ತಿದ್ದ. ಅಂಗಡಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಪಕ್ಕದ ಕುರ್ಚಿಯ ಹಿಂದೆ ನಿಂತ ತಮ್ಮ ಮಾತ್ರ ತನ್ನ ಗಿರಾಕಿಯ ಗಡ್ಡ ಹೆರೆಯುತ್ತಿದ್ದ.

ಅವನಿಗೆ ಮಲಗಪ್ಪ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಗಿರಾಕಿಗಳೂ ಅವನ ಕುರ್ಚಿಗೆ ಕೂತರೆ, ಕತ್ತಿ ಹಿಡಿದು ತೂಕಡಿಸಬೇಡಪ್ಪ ಎನ್ನತೊಡಗಿದರು. ಒಂಬತ್ತು ವರ್ಷದ ಹಿಂದೆ ಅವನು ತನ್ನ ಕತ್ತರಿ, ಬಾಚಣಿಗೆ ಗಂಟು ಕಟ್ಟಿಕೊಂಡು ಹೋಗಿ ಹಿಂದಿನ ಬೀದಿಯಲ್ಲಿ ಬೇರೆ ಅಂಗಡಿ ಇಟ್ಟ. ಅಣ್ಣತಮ್ಮಂದಿರ ಮಾತು ನಿಂತಿತು. ಕತೆ ನಿಲ್ಲಲಿಲ್ಲ.

ಈಗ ಅಣ್ಣನಿಗೇ ಹರ್ನಿಯಾ. ಆಪರೇಷನ್ನಿಗೆ ಎರಡು ದಿನ ಮೊದಲು, ಮತ್ತಿನ ಮದ್ದು ಕೊಡುವ ಡಾಕ್ಟರಮ್ಮ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಒಂದೊಂದೇ ಕೇಳಿದಳು. ಬಿಪಿ, ಶುಗರ್, ಅಸ್ತಮಾ, ಅಲ್ಲಾಡುವ ಹಲ್ಲು. ಗೊರಕೆ ಇದೆಯಾ ಎಂದಾಗ ಅವನು ಇಲ್ಲ ಎಂದ. ಹೆಂಡತಿ ಕೆಮ್ಮಿದಳು. ಡಾಕ್ಟರಮ್ಮ ಹೌದು ಎಂದು ಬರೆದುಕೊಂಡಳು.

"ನಿಮ್ಮ ಮನೇಲಿ ಯಾರಿಗಾದ್ರೂ ಮತ್ತಿನ ಮದ್ದು ಕೊಟ್ಟಾಗ ತೊಂದರೆ ಆಗಿತ್ತಾ?"

"ತೊಂದರೆ ಏನಿಲ್ಲ ಡಾಕ್ಟ್ರೇ, ಒಬ್ಬ ಮಲಗಪ್ಪ ಇದಾನೆ" ಎಂದು ಅಣ್ಣ ಅದೇ ಕತೆಯನ್ನು, ಅದೇ ಕೈಸನ್ನೆಯೊಂದಿಗೆ ಹೇಳಿದ. ನಗು ಬರಬೇಕಾದ ಜಾಗದಲ್ಲಿ ರೂಢಿಯಂತೆ ನಿಲ್ಲಿಸಿದ. ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟಳು.

ಗಂಟಲಿಗೆ ನಳಿಗೆ ಇಳಿಸುವ ಮುಂಚೆ ಮೈ ಸಡಿಲ ಮಾಡುವ ಒಂದು ಮದ್ದು ಕೊಡುತ್ತಾರೆ, ಎಲ್ಲರಿಗೂ ಹತ್ತು ನಿಮಿಷದಲ್ಲಿ ಅದು ಇಳಿಯುತ್ತದೆ, ಕೆಲವರ ರಕ್ತಕ್ಕೆ ಮಾತ್ರ ಅದನ್ನು ಕರಗಿಸುವ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ, ಒಡಹುಟ್ಟಿದವರಿಗೂ ಹಾಗೇ ಇರಬಹುದು ಎಂದು ಬಿಡಿಸಿ ಹೇಳಿದಳು. "ಅವರು ಮಲಗಿರ್ಲಿಲ್ಲ ರೀ. ಮೈ ಅಲ್ಲಾಡಿಸೋಕೆ ಆಗ್ತಿರ್ಲಿಲ್ಲ. ಮನೆಯವರಿಗೆಲ್ಲ ತೋರಿಸಿ ಅಂತ ಒಂದು ಚೀಟಿ ಕೊಟ್ಟಿರ್ತಾರಲ್ಲ, ಎಲ್ಲಿ ಅದು?"

ಅಣ್ಣನಿಗೆ ಎಲ್ಲಿ ಎಂದು ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ತಮ್ಮ ಆ ಚೀಟಿಯನ್ನು ಅಂಗಡಿಯ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ನೀನೂ ಓದಿಕೋ ಎಂದಿದ್ದ. ಒಂದು ದಿನ ಗಿರಾಕಿಗಳ ನೂಕುನುಗ್ಗಲು. ಕತ್ತಿಯ ಮೇಲಿನ ನೊರೆ ಒರೆಸುವ ಕಾಗದದ ಚೂರು ಮುಗಿದಿತ್ತು. ಅಣ್ಣ ಕೈಗೆ ಸಿಕ್ಕಿದ ಚೀಟಿಯನ್ನೇ ನಾಲ್ಕಾಗಿ ಹರಿದ.

"ಕಳೆದುಹೋಯ್ತು" ಎಂದ ಈಗ.

"ಕಳೆದಿಲ್ಲ ಡಾಕ್ಟ್ರೇ. ಇವರು ಅದರಲ್ಲಿ ಯಾರದೋ ಗಡ್ಡದ ನೊರೆ ಒರೆಸಿದ್ರು" ಎಂದಳು ಹೆಂಡತಿ.

ಡಾಕ್ಟರಮ್ಮ ಫೈಲು ಮುಚ್ಚಿದಳು. ಆಮೇಲೆ, ತಮ್ಮನಿಗೆ ಕೊಟ್ಟದ್ದು ಯಾವ ಮದ್ದು ಎಂದು ತಿಳಿಯದೆ ನಿಮ್ಮನ್ನು ಮುಟ್ಟುವುದಿಲ್ಲ, ಹೋಗಿ ಕೇಳಿಕೊಂಡು ಬನ್ನಿ ಎಂದಳು.

ಹಿಂದಿನ ಬೀದಿ ನೂರು ಹೆಜ್ಜೆ. ಅಷ್ಟರಲ್ಲಿ ಅಣ್ಣ ಮೂರು ಸಲ ನಿಂತ. ತಮ್ಮನದು ಒಂದೇ ಕುರ್ಚಿಯ ಅಂಗಡಿ. ಮುಖದ ತುಂಬ ನೊರೆಯ ಗಿರಾಕಿ ಕೂತಿದ್ದ. ತಮ್ಮ ಕನ್ನಡಿಯಲ್ಲೇ ಅಣ್ಣನನ್ನು ಕಂಡ. ಅದೇ ಕನ್ನಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ನೇತಾಡುತ್ತಿತ್ತು.

ಊರಿಗೆಲ್ಲ ಬಾಯಾಗಿದ್ದವನು ಹರ್ನಿಯಾ, ಡಾಕ್ಟರಮ್ಮ, ಚೀಟಿ ಎಂದು ತುಂಡು ತುಂಡಾಗಿ ತೊದಲಿದ.

"ಇನ್ನೊಂದು ಬರೆಸ್ಕೊಂಡೆ. ನಿನಗೂ ಒಂದಿನ ಬೇಕಾಗುತ್ತೆ ಅಂತ ಇಟ್ಟಿದ್ದೆ" ಎಂದು ತಮ್ಮ ಅದನ್ನು ಬಿಡಿಸಿ ಕೊಟ್ಟ. ಮತ್ತೆ ಕತ್ತಿ ಎತ್ತಿಕೊಂಡು, ಗಿರಾಕಿಯ ಕೆನ್ನೆ ನೋಡುತ್ತಲೇ ಹೇಳಿದ. "ಅವತ್ತು ನನಗೆ ಎಚ್ಚರ ಆಗಿತ್ತು ಅಣ್ಣ. ರೆಪ್ಪೆ ಎತ್ತೋಕೂ ಆಗ್ತಿರ್ಲಿಲ್ಲ, ಕಿವಿ ಮಾತ್ರ ಕೇಳ್ತಿತ್ತು. ಸತ್ತೇ ಹೋದೆ ಅಂದ್ಕೊಂಡಿದ್ದೆ. ನೀನು ಬಂದು ಪಕ್ಕದಲ್ಲಿ ಕೂತೆ. ಸದ್ಯ, ಅಣ್ಣ ಬಂದ ಅನ್ನಿಸ್ತು. ನೀನು ನರ್ಸಮ್ಮನಿಗೆ ಹೇಳಿದೆ, ಅಂಗಡೀಲೂ ಇವನು ಹೀಗೇ, ಕೆಲಸ ಅಂದ್ರೆ ಹೆಣದ ಹಾಗೆ ಬಿದ್ಕೋತಾನೆ ಅಂತ. ಇಬ್ರೂ ನಕ್ಕಿರಿ."

ಅಣ್ಣ ಚೀಟಿ ಮಡಚಲು ನೋಡಿದ. ಪ್ಲಾಸ್ಟಿಕ್ ಮಡಚಲಿಲ್ಲ.

ಡಾಕ್ಟರಮ್ಮ ಚೀಟಿ ಓದಿ, ಅಣ್ಣನ ರಕ್ತವನ್ನೂ ಪರೀಕ್ಷೆಗೆ ಕಳಿಸಿ, ಆ ಮದ್ದಿನ ಗೊಡವೆಗೇ ಹೋಗದೆ ಬೆನ್ನಿಗೆ ಸೂಜಿ ಹಾಕಿದಳು. ಸೊಂಟದ ಕೆಳಗಷ್ಟೇ ಜೋಮು. ಆಪರೇಷನ್ ಸುಸೂತ್ರವಾಗಿ ಮುಗಿಯಿತು. ವಾರ್ಡಿಗೆ ತಂದು ಮಲಗಿಸಿದಾಗ ಅಣ್ಣ ಹೆಬ್ಬೆರಳು ಆಡಿಸಲು ನೋಡಿದ. ಎಷ್ಟು ಹೆಣಗಿದರೂ ಅದು ಬೇರೆ ಯಾರದೋ ಬೆರಳು. ಬರೀ ಕಾಲಿಗೆ ಇಷ್ಟು ಗಾಬರಿಯಾದರೆ, ರೆಪ್ಪೆಯೂ ತನ್ನದಲ್ಲದೆ ಐದು ಗಂಟೆ?

ಪಕ್ಕದ ಸ್ಟೂಲಿನ ಮೇಲೆ ತಮ್ಮ ಕೂತಿದ್ದ. ಕರೆದಿರಲಿಲ್ಲ, ಅತ್ತಿಗೆಗೆ ಫೋನ್ ಮಾಡಿ ಸಮಯ ಕೇಳಿಕೊಂಡು ಬಂದಿದ್ದ. ಅಣ್ಣ ಅವನ ಬಾಯಿಂದ ಬರುವ ಮಾತಿಗೆ ಕಾದ. ಒಂದು ಚುಚ್ಚುಮಾತು ಬಂದರೂ ಸಾಕಿತ್ತು, ಎದೆ ಹಗುರಾಗುತ್ತಿತ್ತು.

"ಏನಾದ್ರೂ ಅನ್ನೋ" ಎಂದ ಕೊನೆಗೆ.

"ನಿನ್ನಷ್ಟು ಚೆನ್ನಾಗಿ ಹೇಳೋಕೆ ನಂಗೆ ಬರಲ್ಲ ಅಣ್ಣ."

ತಮ್ಮ ಎದ್ದು, ಜಾರಿದ್ದ ಹೊದಿಕೆಯನ್ನು ಎಳೆದು ಪಾದದ ಸುತ್ತ ಸಿಕ್ಕಿಸಿದ. ಆ ಕೈ ಸೋಕಿದ್ದು ಅಣ್ಣನಿಗೆ ತಿಳಿಯಲಿಲ್ಲ, ಕಣ್ಣಿಗಷ್ಟೇ ಕಂಡಿತು. ತಿರುಗಿಸಲು ಆಗುತ್ತಿದ್ದದ್ದು ಮುಖ ಒಂದೇ. ಅದನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.